ಹಿಂದಿನ ಸಂಜೆಯೇ ಹೊರಟ ಚೀಲ

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯದಕ್ಕೆ ಆಕಾಶದಲ್ಲಿ ಹೆಚ್ಚುಕಡಿಮೆ ಮುನ್ನೂರ ಎಪ್ಪತ್ತು ಕಿಲೋಮೀಟರ್, ಒಂದು ಗಂಟೆಯ ದಾರಿ. ಇದನ್ನು ನಕ್ಷೆ ನೋಡಿ ಬರೆಯುತ್ತಿದ್ದೇನೆ. ನೆನಪನ್ನು ಕೇಳಿದರೆ ಅದು ಇನ್ನೂ ದೂರ ಹೇಳುತ್ತದೆ.

ಅಕ್ಕನಿಗೆ ತುಂಬು ತಿಂಗಳು. ಓಡಾಟ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರದೆ ಹುಬ್ಬಳ್ಳಿಯಲ್ಲೇ ಉಳಿದಿದ್ದಳು. ಸೋಮವಾರ ಮಧ್ಯಾಹ್ನ ಆಪರೇಷನ್ ಎಂದು ಗೊತ್ತಾಯಿತು. "ಒಳಕ್ಕೆ ಕರ್ಕೊಂಡ್ಹೋಗೋ ಮುಂಚೆ ನಿನ್ ಮುಖ ನೋಡ್ಬೇಕವ್ವಾ" ಎಂದು ಫೋನಿನಲ್ಲಿ ಅತ್ತಳು. ನಾನು ಕೂಡಲೇ ವಿಮಾನದ ಟಿಕೆಟ್ ತೆಗೆದೆ. ತೂಬಗೆರೆ ಪಕ್ಕದ ನಮ್ಮೂರಿನಿಂದ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಾಕಿತ್ತು.

"ಎಂಟಕ್ಕಾ? ಸೋಮವಾರ ಆಗ ರಾವುಕಾಲ ಕಣೋ" ಎಂದಳು ಅವ್ವ.

"ವಿಮಾನ ಹಾರೋದು ಅದು ಮುಗಿದ್ಮೇಲೆ ಕಣವ್ವಾ."

"ಹಾರೋದು ಅದು. ಹೊಸ್ಲು ದಾಟೋದು ನಾನು."

ಅದಕ್ಕೂ ಅವಳ ಬಳಿ ದಾರಿಯಿತ್ತು. ಒಳ್ಳೆಯ ಹೊತ್ತು ನೋಡಿ ಚೀಲವನ್ನು ಮುಂಚಿತವಾಗಿ ಬೇರೆ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅವ್ವ ಚೀಲವನ್ನು ಪಕ್ಕದ ಮನೆಯ ಚಿಕ್ಕಮ್ಮನ ನಡುಮನೆಯಲ್ಲಿ ಇಟ್ಟುಬಂದಳು. "ಚೀಲಕ್ಕೆ ಬೇರೆ ಟಿಕೆಟ್ ತೆಗೀಲಾ?" ಎಂದು, ಭೌತಶಾಸ್ತ್ರ ಓದಿದ ನಾನು ರೇಗಿಸಿದೆ.

ಬೆಳಿಗ್ಗೆ ಕಾರು ಬಂದು ನಿಂತಿತು. ಚಿಕ್ಕಮ್ಮನ ಮನೆಗೆ ಬೀಗ.

"ಆಧಾರ್ ಕಾರ್ಡಾದ್ರೂ ಕೈಯಲ್ಲಿಟ್ಕೋಬಾರ್ದಿತ್ತಾ?"

"ನಮ್ ಜೊತೆ ಬರೋದೆಲ್ಲಾ ಚೀಲದಲ್ಲೇ ಇರ್ಬೇಕಪ್ಪಾ" ಎಂದು ಅವ್ವ ಬೀಗವನ್ನೇ ಎಳೆದು ನೋಡಿದಳು.

ಚಿಕ್ಕಮ್ಮನನ್ನು ಹುಡುಕಲು ಸ್ಕೂಟರ್ ಹತ್ತಿ ಓಡಿದೆ. ಡೈರಿಯಲ್ಲಿ ಹಾಲು ಹಾಕಿ ಹೋದಳೆಂದರು. ಕೊನೆಗೆ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಳು, ರೇಷ್ಮೆಹುಳುವಿಗೆ ಸೊಪ್ಪು ಕುಯ್ಯುತ್ತಿದ್ದಳು. "ಅಯ್ಯೋ ನನ್ ಬುದ್ಧಿಗಿಷ್ಟು! ಎದ್ದೋಳೇ ಬೀಗ ಜಡ್ದು ಬಂದ್ಬಿಟ್ಟೆ ಕಣೋ" ಎಂದು ಸೊಪ್ಪಿನ ಹೊರೆ ಸಮೇತ ಹಿಂದೆ ಕೂತಳು. ಬಯ್ಯಲು ಕಾದಿದ್ದ ಅವ್ವ ಚೀಲ ಕೈಗೆ ಬಂದದ್ದೇ ಎಲ್ಲ ಮರೆತು, "ಎಮ್ಮೆ ನೋಡ್ಕೊಳ್ಳೇ" ಎಂದು ಕಾರು ಹತ್ತಿದಳು.

ವಿಮಾನ ಹತ್ತಿದವರಲ್ಲಿ ನಾವೇ ಕೊನೆ. ದಾರಿಯುದ್ದಕ್ಕೂ ಅವ್ವ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು ಎಂಬುದು ನನ್ನ ನೆನಪು. ಆದರೆ ವಿಮಾನ ಏಳುವಾಗ ಹಾಗೆ ಬಿಡುವುದಿಲ್ಲವಲ್ಲ. ಚೀಲ ಸೀಟಿನ ಕೆಳಗೇ ಇದ್ದಿರಬೇಕು. ಮಡಿಲಲ್ಲಿ ಇದ್ದದ್ದು ಹುಬ್ಬಳ್ಳಿಯ ಆಟೋದಲ್ಲೋ ಏನೋ.

ಆಸ್ಪತ್ರೆಯಲ್ಲಿ ಅಕ್ಕನನ್ನು ಆಗಲೇ ಗಾಲಿಮಂಚದ ಮೇಲೆ ಮಲಗಿಸಿದ್ದರು. "ಎಷ್ಟೊತ್ತು ಮಾಡ್ದೆ ಅವ್ವಾ" ಎಂದಳು.

"ಒಂದೇ ಗಂಟೆ ಕಣಕ್ಕಾ" ಎಂದೆ ನಾನು.

ಅವ್ವ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಚೀಲದಿಂದ, ಮಗುವಿಗೆಂದು ಒಗೆದು ಮಡಿಸಿದ್ದ ಹಳೆ ಸೀರೆಯ ತುಂಡೊಂದನ್ನು ತೆಗೆದು ಅಕ್ಕನ ಹಣೆ ಒರೆಸಿದಳು. "ಅವನ ಮಾತು ಬಿಡು. ನೆನ್ನೆ ದೀಪ ಹಚ್ಚೋ ಹೊತ್ಗೇ ಹೊರ್ಟೆ ಕಣವ್ವಾ. ಈಗ ಬಂದೆ."

ಅಕ್ಕ ನಗುತ್ತಾ ಒಳಗೆ ಹೋದಳು. ನಗಲಿಲ್ಲ, ಅಳುತ್ತಲೇ ಹೋದೆ ಎನ್ನುತ್ತಾಳೆ ಅವಳು ಈಗಲೂ. ಆ ಬಟ್ಟೆಯ ತುಂಡು ಒದ್ದೆಯಾಗಿ ನನ್ನ ಕೈಗೆ ಬಂದಿತ್ತು ಎಂಬುದೇನೋ ನಿಜ.