ಬಗಲ ತುಂಡು

ನಾನು ಹೊಲಿದ ಅಂಗಿಯ ಫೋಟೋ ಒಂದು ವಾಟ್ಸಾಪ್ ಗುಂಪಿನಲ್ಲಿ ಸುತ್ತುತ್ತಿದೆ ಎಂದು ಹೇಳಿದವಳು ನನ್ನ ಹೆಂಡತಿ. ಆಳಂದದಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕೆಲಸ. ನಾನು ನಕ್ಷೆ ಹಾಕಿ, ಅರಿವೆ ಕತ್ತರಿಸಿ ಹೊಲಿಯುತ್ತೇನೆ. ಅವಳು ಕಾಜಾ ಮಾಡಿ ಗುಂಡಿ ಹಚ್ಚುತ್ತಾಳೆ. ಅವತ್ತು ಮಧ್ಯಾಹ್ನ ಕರೆಂಟು ಹೋಗಿ ಮಷೀನು ನಿಂತಿತ್ತು. ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಜೋಳದ ಹಿಟ್ಟಿನ ಬಣ್ಣದ, ದಪ್ಪ ನೂಲಿನ, ಮೊಣಕಾಲಿಗಿಂತ ಒಂದು ಗೇಣು ಮೇಲೆ ನಿಲ್ಲುವ ನನ್ನ ಅಂಗಿ. ಕೆಳಗೆ ಯಾರೋ ಬರೆದಿದ್ದರು: “ಇದು ಅಂಗಿ ಅಲ್ಲ, ಅಂಗಿ ಹೊಲಿದ ಮ್ಯಾಲ ಉಳಿದ ಅರಿವಿ.” ಅದರ ಕೆಳಗೆ ನಗುವ ಮುಖಗಳ ಸಾಲು.

“ಓದಿದ್ರೇನು?” ಎಂದಳು.

“ಓದಿದೆ.”

“ಏನರ ಬರೀರಿ ಮತ್ತ.”

“ಏನ ಬರೀಲಿ? ಕೆಳಗ ಕರೆಂಟ್ ಬಂತೇನು ಕೇಳು.”

ಆ ಗುಂಪಿನವರನ್ನು ನಾನು ಬಲ್ಲೆ. ಹಳೆಯ ಕಾಲದ ಉಡುಪಿನ ಮೇಲೆ ಜೀವ ಇಟ್ಟುಕೊಂಡ ಮಂದಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಇದ್ದಾರೆ. ಹೊಲದವರು, ಧಾನ್ಯದ ಅಡತಿ ಅಂಗಡಿಯವರು, ನಿವೃತ್ತ ನೌಕರರು. ಪ್ರತಿ ಸೋಮವಾರ ಕಚ್ಚೆ ಧೋತರ ಉಟ್ಟು, ಅಗಲ ಅಂಗಿ ತೊಟ್ಟು, ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿಕೊಂಡು ಫೋಟೋ ಹಾಕುತ್ತಾರೆ. ಧೋತರಕ್ಕೆ ಎಷ್ಟು ನಿರಿಗೆ ಬೇಕು ಎಂದು ವಾರಗಟ್ಟಲೆ ವಾದ ಮಾಡುತ್ತಾರೆ. ಅವರ ಪ್ರೀತಿ ಸುಳ್ಳಲ್ಲ. ಈಗಿನ ದಿನಗಳಲ್ಲಿ ಗಂಡಸರ ಅರಿವೆಯನ್ನು ಅಷ್ಟು ಹೊತ್ತು ನೋಡುವವರು ಬೇರೆ ಯಾರಿದ್ದಾರೆ? ಮೆಚ್ಚಿದರೆ ಅವರೇ ಮೊದಲು ಮೆಚ್ಚುತ್ತಾರೆ ಎಂದು ನಾನು ನಂಬಿದ್ದೆ. ಅಲ್ಲಿಯೇ ನಾನು ತಪ್ಪಿದ್ದು.

ಈ ಅಂಗಡಿಗೂ ಮುಂಚೆ ಹದಿಮೂರು ವರ್ಷ ನಾನು ಸೊಲ್ಲಾಪುರದ ಒಂದು ಕಾರ್ಖಾನೆಯಲ್ಲಿ ಯೂನಿಫಾರ್ಮ್ ಕತ್ತರಿಸಿದವನು. ಪದರದ ಮೇಲೆ ಪದರ ಅರಿವೆ ಹಾಸಿ, ಮಷೀನು ಹಿಡಿದು ಒಂದೇ ಸಲಕ್ಕೆ ಕತ್ತರಿಸುವುದು. ಯಾವ ಅಂಗಿ ಯಾರ ಮೈಮೇಲೆ ಹೋಗುತ್ತದೆ ಎಂದು ಗೊತ್ತೇ ಆಗುತ್ತಿರಲಿಲ್ಲ. ನಲವತ್ತು ಹತ್ತಿರ ಬಂದಾಗ ಬೆನ್ನುನೋವು ಹಿಡಿಯಿತು; ನನ್ನದೇ ಎನ್ನುವ ಒಂದು ಅಂಗಿ ಹೊಲಿಯಬೇಕೆಂಬ ಹಟವೂ ಜೊತೆಗೆ ಹಿಡಿಯಿತು. ಆಳಂದಕ್ಕೆ ಬಂದು ಅಂಗಡಿ ಹಾಕಿದೆ.

ನನ್ನ ಅಂಗಿ ನೋಡಲು ಹಳೆಯ ಅಂಗಿಯಂತೆಯೇ ಇರುತ್ತದೆ, ಆದರೆ ಹಾಗಲ್ಲ. ಹಳೆಯದರಲ್ಲಿ ಎರಡೂ ಪಕ್ಕಕ್ಕೆ ಕೆಳಗೆ ಅಗಲವಾಗುತ್ತ ಹೋಗುವ ಕಳಿ ಎಂಬ ಪಟ್ಟಿ ಕೂಡಿಸಿರುತ್ತಾರೆ. ತೋಳು ಮೈಗೆ ಸೇರುವಲ್ಲಿ, ಬಗಲಿನಲ್ಲಿ, ಒಂದು ಚೌಕ ತುಂಡು ಇಡುತ್ತಾರೆ. ನಾನು ಎರಡನ್ನೂ ತೆಗೆದಿದ್ದೆ. ಹೆಗಲು ಕಿರಿದು ಮಾಡಿ, ಬೆನ್ನ ಮೇಲೆ ಕುತ್ತಿಗೆಯ ಕೆಳಗೆ ಮೂರು ನಿರಿಗೆ ಹಿಡಿದಿದ್ದೆ. ಎದೆಯ ಮೇಲಿನ ಕಿಸೆಯನ್ನು ಎಡಪಕ್ಕದ ಹೊಲಿಗೆಯ ಒಳಗೆ ಇಟ್ಟಿದ್ದೆ. ಬ್ಯಾಂಕಿನವರು, ಕಾಲೇಜಿನ ಮೇಷ್ಟ್ರುಗಳು, ಒಬ್ಬ ಡಾಕ್ಟರು ಹೊಲಿಸಿಕೊಂಡು ಹೋದರು. ಒಂದು ವರ್ಷ ಹೇಗೋ ನಡೆಯಿತು.

ಆಮೇಲೆ ಅಫಜಲಪುರದ ಒಂದು ಮದುವೆ ಬಂತು. ಮದುಮಗ ಕಾಲೇಜಿನಲ್ಲಿ ಕಲಿಸುವವನು. ತನಗೆ, ತನ್ನ ಕಾಕಂದಿರ ಮಕ್ಕಳಿಗೆ ಎಂದು ಹನ್ನೊಂದು ಅಂಗಿ ಹೇಳಿದ. ಹೊಲಿದು ಇಸ್ತ್ರಿ ಮಾಡಿ ಇಟ್ಟ ಮೇಲೆ ಫೋನು ಬಂತು. “ಅಣ್ಣಾರೇ, ತಪ್ಪು ತಿಳೀಬ್ಯಾಡ್ರಿ. ನಮ್ಮ ಅಪ್ಪಾರು ಒಪ್ಪವಲ್ರು. ಗುಂಪಿನ್ಯಾಗ ಎಲ್ಲಾರೂ ನಗಾಕತ್ಯಾರ ಅಂತ.” ಅವನ ದನಿ ಅಳುವ ಹಾಗಿತ್ತು. ಅವನಿಗೇ ನಾನು ಸಮಾಧಾನ ಹೇಳಬೇಕಾಯಿತು. ಹನ್ನೊಂದು ಅಂಗಿ ಗೋಡೆಯ ಗೂಟಗಳ ಮೇಲೆ ಬಹಳ ದಿನ ತೂಗಿದವು. ಹೆಂಡತಿ ಧೂಳು ಕೂಡಬಾರದೆಂದು ಹಳೆಯ ಸೀರೆ ಹೊದಿಸಿದಳು. ಬೇರೆ ಬೇರೆ ಅಳತೆಯ ಮೈಗೆ ಹೊಲಿದದ್ದು, ಬೇರೆಯವರಿಗೆ ಬರುವುದಿಲ್ಲ.

ಅದೇ ತಿಂಗಳು ಜೇವರ್ಗಿಯಿಂದ ಮಾಸ್ತರು ಫೋನು ಮಾಡಿದರು. ಆ ಗುಂಪಿಗೆ ಅವರೇ ಹಿರಿಯರು. ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಎತ್ತರದ ಆಳು, ಹೊಲದಿಂದ ಬಂದರೂ ಧೋತರದ ಮೇಲೆ ಒಂದು ಕಲೆ ಇರುವುದಿಲ್ಲ ಎಂದು ಹೆಸರು. ಅಂಗಿ ನೋಡಿ ನಕ್ಕವರಲ್ಲಿ ಅವರಿರಲಿಲ್ಲ. “ಫೋಟೋ ನೋಡಿ ಮಾತಾಡೋದು ಸರಿ ಅಲ್ಲ. ಐತವಾರ ನಾವೆಲ್ಲಾ ಇಲ್ಲಿ ಕೂಡತೇವಿ. ಅಂಗಿ ತಗೊಂಡ ಬರ್ರಿ, ಕೈಯಾಗ ಹಿಡದು ನೋಡೋಣು,” ಎಂದರು.

ಹೋಗಬಾರದೆಂದು ಹೆಂಡತಿಗೆ ಅನಿಸಿತ್ತು. ನನಗೂ ಅನಿಸಿತ್ತು. ಆದರೂ ಆರು ಅಂಗಿ ಚೀಲಕ್ಕೆ ಹಾಕಿಕೊಂಡು, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಹನ್ನೊಂದರ ಹೊತ್ತಿಗೆ ಜೇವರ್ಗಿಗೆ ಹೋದೆ. ಮಾಸ್ತರ ಮನೆಯ ಪಡಸಾಲೆಯಲ್ಲಿ ಏಳೆಂಟು ಜನ ಕುಳಿತಿದ್ದರು. ಎಲ್ಲರೂ ಪೂರ್ತಿ ಉಡುಪಿನಲ್ಲಿ. ನಾನು ನನ್ನದೇ ಒಂದು ಅಂಗಿ ತೊಟ್ಟುಕೊಂಡು ಹೋಗಿದ್ದೆ. ಚಹಾ ಬಂತು. ಮಾಸ್ತರು ಒಂದು ಅಂಗಿ ತೆಗೆದುಕೊಂಡು ಮೊದಲು ಒಳಗನ್ನು ಹೊರಗೆ ಮಾಡಿದರು. ಹೊಲಿಗೆ ಬಲ್ಲವರು ಹಾಗೆಯೇ ನೋಡುತ್ತಾರೆ. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

ಅವರ ಪಕ್ಕದಲ್ಲಿ ಒಬ್ಬ ಅಡತಿ ವ್ಯಾಪಾರಿ ಕುಳಿತಿದ್ದ. “ಕಳಿ ಎಲ್ಲಿ ಅದ ಇದಕ?” ಎಂದ.

“ಇಲ್ರಿ. ಇಟ್ಟಿಲ್ಲ.”

“ಯಾಕ?”

“ಈ ಅಂಗಿಗೆ ಬ್ಯಾಡ ಅನಿಸ್ತ್ರಿ.”

“ನಿಮಗ ಅನಿಸಿದ್ರ ಆತೇನು? ನಮ್ಮ ಹಿರ್ಯಾರ ಅಂಗಿ ಹ್ಯಾಂಗಿತ್ತು ಅಂತ ನಿಮಗ ಯಾರು ಕಲಿಸಿದ್ರು?”

ಕೇಳಿದ್ದು ಕುಹಕದಿಂದಲ್ಲ, ಖರೇನೇ ತಿಳಿಯಬೇಕೆಂದೇ ಇರಬಹುದು. ಆದರೆ ‘ನಮ್ಮ’ ಎನ್ನುವ ಆ ಮಾತು ನನ್ನಲ್ಲಿ ಎಲ್ಲೋ ತಗುಲಿತು. ನಾವು ಬೌದ್ಧರು, ಭೀಮಾ ದಂಡೆಯ ಮಣ್ಣೂರಿನ ಊರ ಹೊರಗಿನ ಕೇರಿಯವರು. ನನ್ನ ಮುತ್ಯಾ, ಅಪ್ಪನ ಅಪ್ಪ, ಊರಿನ ಒಂದು ದೊಡ್ಡ ಮನೆಯಲ್ಲಿ ಜೀವಮಾನ ದುಡಿದ. ಇದನ್ನು ಹೇಳಬೇಕೆಂದು ನಾನು ಹೋಗಿರಲಿಲ್ಲ. ಆದರೆ ಕೇಳಿದ್ದರು, ಹೇಳಿದೆ.

“ಕಲಿಸೋರು ಯಾರೂ ಇರಲಿಲ್ರಿ. ನಮ್ಮ ಮುತ್ಯಾ ಒಮ್ಮೆನೂ ಅಂಗಿ ಹೊಲಿಸಿಕೊಂಡವನಲ್ಲ. ರಾಶಿ ಮುಗದ ಮ್ಯಾಲ ಧಣ್ಯಾರ ಮನಿಯಿಂದ ಒಂದು ಹಳೇ ಅಂಗಿ ಕೊಡತಿದ್ರು. ಅವರು ದಪ್ಪ ಆಳು. ಮುತ್ಯಾ ಸಣ್ಣ ಆಳು. ಮುತ್ಯಾನ ಹೇಣ್ತಿ, ನಮ್ಮ ಆಯಿ, ಕುಂತು ಕಳಿ ಬಿಚ್ಚತಿದ್ದಳು, ಬೆನ್ನಿಗೆ ನಿರಗಿ ಹಿಡದು ಹೆಗಲ ಸಣ್ಣ ಮಾಡತಿದ್ದಳು. ಬಗ್ಗಿ ಕೆಲಸ ಮಾಡುವಾಗ ಎದಿ ಕಿಸೆದಾಗಿಂದ ತಂಬಾಕ ಬೀಳತಿತ್ತು ಅಂತ ಕಿಸೆ ಒಳಗ ಹಚ್ಚತಿದ್ದಳು. ನಾ ಹೊಲಿಯೋದು ಆ ಅಂಗಿನೇ ರೀ.”

ಒಬ್ಬರು ಲೋಟದ ತಳ ನೋಡಿದರು. ಅಡತಿಯವನು, “ಈಗ ಅದೆಲ್ಲಾ ಯಾಕ ತೆಗೀತೀರಿ? ನಾವು ಅರಿವಿ ಬಗ್ಗೆ ಮಾತಾಡಾಕ ಕೂಡೇವಿ,” ಎಂದ.

“ನಾನೂ ಅರಿವಿ ಬಗ್ಗೆನೇ ಹೇಳಿದೆರಿ,” ಎಂದೆ. ಅಷ್ಟು ಹೇಳುವುದರಲ್ಲಿಯೇ ನನಗೆ ಸಾಕಾಗಿತ್ತು. ಇಂಥ ಮಾತು ಆಡುವಾಗ ಸಿಟ್ಟು ಬರುತ್ತಿದ್ದ ವಯಸ್ಸು ದಾಟಿದೆ. ಈಗ ಬರುವುದು ದಣಿವು. ದಿನವಿಡೀ ನಿಂತು ಕತ್ತರಿ ಹಿಡಿದಂತೆ.

ಮಾಸ್ತರು ಇನ್ನೂ ಅಂಗಿಯನ್ನೇ ನೋಡುತ್ತಿದ್ದರು. ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. “ಜರಾ ನಿಲ್ರಿ,” ಎಂದರು. ನಿಂತೆ. “ರುಮಾಲ ಸುತ್ತಿಕೊಳ್ಳುವಾಗ ಹ್ಯಾಂಗ ಕೈ ಎತ್ತತೇವಿ, ಹಂಗ ಎತ್ರಿ.” ಎತ್ತಿದೆ. ಅಂಗಿ ಪೂರಾ ಮೇಲೆದ್ದು ಸೊಂಟದ ಹತ್ತಿರ ಬಂತು. ಬಗಲು ಬಿಗಿದು ನೂಲು ಚಿರ್ ಎಂದಿತು. ಇಬ್ಬರು ನಕ್ಕರು. ಮಾಸ್ತರು ನಗಲಿಲ್ಲ.

“ನಿಮ್ಮ ಆಯಿ ಬಗಲ ತುಂಡನೂ ತೆಗದಿದ್ದಳೇನು?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮುತ್ಯಾ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವನ ಹಿಂದೆ ನಡೆಯುವಾಗ ಕಂಡ ಬೆನ್ನಿನ ನಿರಿಗೆ ನೆನಪಿತ್ತು, ಕಿಸೆಗೆ ಕೈ ಹಾಕಿದ್ದು ನೆನಪಿತ್ತು. ಬಗಲು ನೆನಪಿರಲಿಲ್ಲ. “ಗೊತ್ತಿಲ್ರಿ,” ಎಂದೆ. ಮಾಸ್ತರು ಅಂಗಿಯನ್ನು ಮೊದಲಿನಂತೆ ಮಡಿಚಿ ಚೀಲದ ಮೇಲೆ ಇಟ್ಟರು.

ಮುಂದಿನ ವಾರ ಮಣ್ಣೂರಿಗೆ ಹೋದೆ. ಅವ್ವ ನನ್ನ ತಮ್ಮನ ಮನೆಯಲ್ಲಿರುತ್ತಾಳೆ. ಅಂಗಳದಲ್ಲಿ ಸೊಸೆ, ಮೊಮ್ಮಗಳ ಜೊತೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತು ಕೇಳಿದೆ. “ಯವ್ವಾ, ಮುತ್ಯಾನ ಅಂಗಿಗೆ ಬಗಲ ತುಂಡ ಇತ್ತೇನು?”

ಅವ್ವ ಮೊರ ಕೆಳಗಿಟ್ಟಳು. “ಇರದ ಏನು? ಅದಿಲ್ಲಂದ್ರ ಕೈ ಹ್ಯಾಂಗ ಏಳತಾವು? ಬಣವಿ ಒಟ್ಟತಿದ್ದ, ಗಾಡಿ ಹೇರತಿದ್ದ. ಕಳಿ ಬಿಚ್ಚಾಕ ನಿಮ್ಮ ಆಯಿ ನನಗ ಕೊಡತಿದ್ದಳು, ಬಗಲ ತುಂಡ ಮಾತ್ರ ಮುಟ್ಟಗೊಡತಿರಲಿಲ್ಲ. ತಾನೇ ಕುಂತು ಎರಡೆರಡು ಸಲ ಹೊಲಿಗಿ ಹಾಕಿ ಮತ್ತ ಹಚ್ಚತಿದ್ದಳು.” ತೊಗರಿಯೊಳಗಿನ ಒಂದು ಹರಳು ತೆಗೆದು ಎಸೆದು, “ಆ ಕಳಿ ಅರಿವಿದಾಗನೇ ನೀ ಕೂಸಿದ್ದಾಗ ತಲಿಗೆ ಕುಲಾಯಿ ಹೊಲಿದಿದ್ದೆ,” ಎಂದಳು. ನಂತರ ನನ್ನ ಅಂಗಿಯ ಬಗಲು ಹಿಡಿದು ನೋಡಿ, “ಇದ್ಯಾಕೋ ಇಷ್ಟ ಬಿಗಿ?” ಎಂದಳು.

ಯಾಕೆ ಎಂದು ನನಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಹದಿಮೂರು ವರ್ಷ ಬಗಲ ತುಂಡು ಇಲ್ಲದ ಅಂಗಿ ಕತ್ತರಿಸಿದ್ದೆ. ಮುತ್ಯಾನ ಅಂಗಿ ಹೊಲಿಯುತ್ತೇನೆ ಎಂದುಕೊಂಡು ಯೂನಿಫಾರ್ಮಿನ ಬಗಲು ಇಟ್ಟಿದ್ದೆ. ಜೇವರ್ಗಿಯ ಪಡಸಾಲೆಯಲ್ಲಿ ಅಷ್ಟು ಮಂದಿಯ ಮುಂದೆ ಆಯಿಯ ಹೆಸರಿನಲ್ಲಿ ನಾನು ವಾದ ಮಾಡಿದ್ದೆ. ಆದರೆ ಆ ಒಂದು ವಿಷಯದಲ್ಲಿ ಆಯಿ ಮಾಸ್ತರ ಕಡೆಗಿದ್ದಳು. ನನಗೆ ನಾಚಿಕೆಯಾಯಿತು. ಜೊತೆಗೆ ಆ ಅಡತಿಯವನ ಮೇಲಿನ ಸಿಟ್ಟು ಆಗ ಬಂತು, ವಾರ ತಡವಾಗಿ. ಎರಡನ್ನೂ ಇಟ್ಟುಕೊಂಡು ಅಫಜಲಪುರದ ಬಸ್ಸಿಗೆ ಕಾದು ನಿಂತೆ.

ಹೊಸ ನಕ್ಷೆಗೆ ಎರಡು ತಿಂಗಳು ಹಿಡಿಯಿತು. ಕಳಿ ಇಲ್ಲದೆ ಬಗಲ ತುಂಡು ಕೂಡಿಸುವುದು ಸಲೀಸಲ್ಲ. ಪಕ್ಕದ ಹೊಲಿಗೆ ಸೊಟ್ಟ ಬೀಳುತ್ತದೆ. ಕತ್ತರಿಸಿದೆ, ಬಿಚ್ಚಿದೆ, ಮತ್ತೆ ಕತ್ತರಿಸಿದೆ. ಮದುವೆಯ ಹನ್ನೊಂದು ಅಂಗಿಗಳನ್ನೂ ಹೆಂಡತಿ ಒಂದೊಂದಾಗಿ ಇಳಿಸಿ ಬಿಚ್ಚಿ ಕೊಟ್ಟಳು. ಅವುಗಳ ಅರಿವೆಯ ಮೇಲೆಯೇ ಕಲಿತೆ. ಕಡೆಗೆ ಒಂದು ಬರೋಬ್ಬರಿ ಬಂತು. ಕೈ ಎತ್ತಿದರೆ ಅಂಗಿ ಇದ್ದಲ್ಲಿಯೇ ನಿಂತಿತು.

ಅದನ್ನು ಮಾಸ್ತರಿಗೆ ತೋರಿಸಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಹೋದೆ. ಈ ಸಲ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ. ಮಾಸ್ತರು ಬಗಲಿನೊಳಗೆ ಎರಡು ಬೆರಳು ಹಾಕಿ ಹೊಲಿಗೆಯ ಗುಂಟ ನಿಧಾನ ಎಳೆದರು. “ಈಗ ಸರಿ ಅದ,” ಎಂದರು.

“ಆಯಿ ತೆಗದಿರಲಿಲ್ರಿ, ಸರ್. ನಾ ತೆಗದಿದ್ದೆ.”

ಅವರು ತಲೆಯಾಡಿಸಿದರು. ಆಮೇಲೆ ಅಂಗಳದ ಕಡೆ ನೋಡುತ್ತ, “ನಮ್ಮ ಮನಿಯಿಂದನೂ ಅಂಗಿ ಹೋಗತಿದ್ದವು. ನಮ್ಮ ಅಪ್ಪಾರು ತೆಗದು ಇಡತಿದ್ರು, ಆಳ ಬಂದು ಒಯ್ಯತಿದ್ದ. ಮುಂದ ಅವು ಏನಾದ್ವು ಅಂತ ನಾ ಎಂದೂ ಕೇಳಿದವನಲ್ಲ,” ಎಂದರು.

ಚಹಾ ಕುಡಿದು ಲೋಟ ಕೆಳಗಿಟ್ಟೆ. ಅಂಗಿ ಅವರಿಗೇ ಇರಲಿ ಎಂದೆ. ಅವರ ಅಳತೆಗೇ ಅಂದಾಜಿನಿಂದ ಹೊಲಿದಿದ್ದೆ.

“ಬ್ಯಾಡ ತಮ್ಮಾ. ನಾ ಹಾಕ್ಕೊಳ್ಳೋದಿಲ್ಲ. ಸಿಟ್ಟಾಗಬ್ಯಾಡ. ಈ ವಯಸ್ಸಿನ್ಯಾಗ ಇನ್ನೊಂದು ರೂಢಿ ಆಗೋದಿಲ್ಲ,” ಎಂದರು. ಮೊದಲ ಸಲ ನನಗೆ ‘ನೀವು’ ಎಂದಿದ್ದವರು ಈಗ ‘ತಮ್ಮಾ’ ಎಂದರು. ಅದರಲ್ಲಿ ಏನಿತ್ತೋ ನಾನು ಬಿಡಿಸಿ ನೋಡಲು ಹೋಗಲಿಲ್ಲ.

ಸಂಜೆ ಐದರ ಹೊತ್ತಿಗೆ ಆಳಂದದಲ್ಲಿ ಇಳಿದೆ. ಹೆಂಡತಿ ಮೆಟ್ಟಿಲ ಮೇಲೆಯೇ ಕುಳಿತಿದ್ದಳು. ನಾನು ಬರುವ ಮುಂಚೆಯೇ ಮಾಸ್ತರು ಗುಂಪಿನಲ್ಲಿ ಬರೆದಿದ್ದರಂತೆ. ಓದಿ ಹೇಳಿದಳು: “ಹೊಲಿಗೆ ಸರಿಯಾಗಿದೆ. ಕೈಕೆಲಸ ಬಲ್ಲವರು. ಆದರೆ ಇದು ಬೇರೆ ಅಂಗಿ, ನಮ್ಮ ಅಂಗಿ ಅಲ್ಲ.” ಅದರ ಕೆಳಗೆ ಅಡತಿಯವನು ಕೈಮುಗಿದ ಚಿತ್ರ ಹಾಕಿದ್ದ.

“ಇದು ಬೈದಂಗೋ, ಹೊಗಳಿದಂಗೋ?” ಎಂದು ಕೇಳಿದಳು.

“ಖರೇ ಹೇಳ್ಯಾರ,” ಎಂದೆ. “ಅವರ ಅಂಗಿ ಅಲ್ಲ ಅದು.”

ಅವಳು ಫೋನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಹಿರೋಳ್ಳಿಯ ಒಬ್ಬ ರೈತ ಬಂದು ಇಂಥವೇ ಎರಡು ಅಂಗಿಗೆ ಅಳತೆ ಕೊಟ್ಟು ಹೋಗಿದ್ದಾನೆ, ಹೊಲಕ್ಕೆ ಹೋಗುವಾಗ ಹಾಕುವುದಕ್ಕಂತೆ, ಮಣ್ಣಿನ ಬಣ್ಣದ್ದು ಬೇಕಂತೆ ಎಂದಳು. ಬಣ್ಣದ ಅರಿವೆ ತರಲು ಮತ್ತೆ ಸೊಲ್ಲಾಪುರಕ್ಕೆ ಹೋಗಬೇಕು. ನಾಳೆ ನೋಡೋಣ ಎಂದು ಕಾಲು ಚಾಚಿ ಕುಳಿತೆ.