ಬಾಚಣಿಗೆಕ್ಕನ ಮೂರನೇ ಚೆಂಡು

ಒಂದು ಅಳುಕನ್ನು ಮೊದಲೇ ಹೇಳಿಕೊಂಡುಬಿಡುತ್ತೇನೆ. ಎದುರಿಗಿರುವವರ ಮುಖ ನೋಡಿ ಮಾತಾಡಲು ನನಗೆ ಬರುವುದಿಲ್ಲ. ಕಣ್ಣು ತಾನಾಗಿ ನೆಲಕ್ಕಿಳಿಯುತ್ತದೆ. ಇಂಥವಳು ಪತ್ರಿಕೆಗೆ ಇನ್ನೊಬ್ಬರ ಬಗ್ಗೆ ಬರೆಯುವುದು ಹೇಗೆ ಎಂದು ನಿನ್ನೆ ಡೈರಿಯಲ್ಲಿ ಗೀಚಿಕೊಂಡೆ. ಹಾಗಾಗಿ ಈಕೆಯ ಬಗ್ಗೆ ನಾನು ಮೊದಲು ಹೇಳಬಲ್ಲದ್ದು ಬೂಟುಗಳ ವಿಷಯ. ಎಡಗಾಲಿನದಕ್ಕೆ ಲೇಸಿಲ್ಲ, ಹಳೇ ವೈರಿನ ತುಂಡು ಬಿಗಿದಿದೆ. ಎರಡೂ ಹಿಮ್ಮುಖವಾಗಿ ನಡೆಯುತ್ತಿವೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಲ್ಫ್ ಮೈದಾನದ ಹುಲ್ಲಿನ ನಡುವೆ ಅಲ್ಲಲ್ಲಿ ಬೇಕೆಂದೇ ತೋಡಿದ ಮರಳುಗುಂಡಿಗಳಿವೆ. ಆಟಗಾರರು ಬಂಕರ್ ಎನ್ನುತ್ತಾರೆ. ಚೆಂಡು ಅಲ್ಲಿಗೆ ಬಿದ್ದರೆ ಎಂಥವರ ಮುಖವೂ ಹುಳ್ಳಗಾಗುತ್ತದೆಯಂತೆ. ಈಕೆ ಉದ್ದ ಹಿಡಿಯ ಕುಂಟೆಯಿಂದ ನಿನ್ನೆಯ ಹೆಜ್ಜೆಗಳನ್ನೆಲ್ಲ ಅಳಿಸುತ್ತಾರೆ. ಕೊನೆಗೆ ತಮ್ಮ ಹೆಜ್ಜೆಯನ್ನೂ ಅಳಿಸುತ್ತ, ಹಿಂದೆ ಹಿಂದೆ ಸರಿದು ಹೊರಬರುತ್ತಾರೆ. ಉಳಿಯುವುದು ಬೈತಲೆ ತೆಗೆದಂಥ ಗೆರೆಗಳು ಮಾತ್ರ. ಅದಕ್ಕೇ ಎಲ್ಲರ ಬಾಯಲ್ಲೂ ಈಕೆ ಬಾಚಣಿಗೆಕ್ಕ.

"ನನ್ನ ತಲೆ ಬಾಚ್ಕೊಳ್ಳೋಕೆ ಪುರುಸೊತ್ತಿಲ್ಲ, ಈ ಮರಳಿಗೆ ದಿನಾ ಸಿಂಗಾರ," ಎನ್ನುತ್ತಾರೆ.

ಮನೆ ಇಸ್ತ್ರಿ ಅಂಗಡಿಯ ಹಿಂದಿನ ಎರಡು ಕೋಣೆ. ಗಂಡ ರಾತ್ರಿಪಾಳಿಯ ಕಾವಲುಗಾರ. ಅವರು ಬರುವಾಗ ಈಕೆ ಹೊರಡುತ್ತಾರೆ, ಸಂಸಾರದ ಅರ್ಧ ಮಾತು ಹೊಸ್ತಿಲಲ್ಲೇ ಮುಗಿಯುತ್ತದೆ. ಬಾಗಿಲ ಬಳಿ ಕಾಲುಚೀಲ ಕೊಡವಿದರೆ ಅತ್ತೆಯ ಟೀಕೆ ಸಿದ್ಧ: "ನನ್ನ ಸೊಸೆ ದಿನಕ್ಕೊಂದು ಹಿಡಿ ಮರಳು ತರ್ತಾಳೆ. ದೇವರು ಆಯಸ್ಸು ಕೊಟ್ರೆ ಸ್ವಂತ ಮನೆ ಕಟ್ಟಿಸ್ತೀನಿ." ಹಾಗೆನ್ನುತ್ತಲೇ ಸೊಸೆಯ ಸೊಂಟಕ್ಕೆ ಬಿಸಿನೀರಿನ ಚೀಲ ಸಿದ್ಧಮಾಡುವವರೂ ಅತ್ತೆಯೇ.

ಆಟಗಾರರು ಬರುವ ಹೊತ್ತಿಗೆ ಅಕ್ಕ ಮೈದಾನದಲ್ಲಿ ಕಾಣಿಸಕೂಡದು. ಅದು ಇಲ್ಲಿಯ ರೂಢಿ. "ಇಷ್ಟು ವರ್ಷದಿಂದ ಇದ್ದೀನಿ, ಒಂದಾಟಾನೂ ಪೂರ್ತಿ ನೋಡಿಲ್ಲ. ಅಡುಗೆ ಮಾಡಿಟ್ಟು ಉಣ್ಣದೆ ಎದ್ದುಹೋದ ಹಾಗೆ." ಅವರಿಗೆ ಕ್ಯಾಡಿ ಆಗುವ ಆಸೆ. ಕ್ಯಾಡಿ ಎಂದರೆ ಆಟಗಾರರ ಕೋಲುಚೀಲ ಹೊತ್ತು, ಜೊತೆಯಲ್ಲೇ ನಡೆದು, ಯಾವ ಹೊಡೆತಕ್ಕೆ ಯಾವ ಕೋಲು ಎಂದು ಹೇಳುವವರು. ಇಲ್ಲಿ ಈವರೆಗೆ ಎಲ್ಲರೂ ಗಂಡಸರೇ.

ಕ್ಯಾಡಿಗಳ ಮೇಸ್ತ್ರಿ ಇಲ್ಲವೆನ್ನಲಿಲ್ಲ. ಎಲ್ಲರಿಗೂ ಇಡುವ ಪರೀಕ್ಷೆಯನ್ನೇ ಇಟ್ಟಿದ್ದಾರೆ: ಅತಿ ಆಳದ ಬಂಕರಿನಿಂದ ಮೂರು ಚೆಂಡು, ಮೂರೂ ಹೊರಗೆ ಬರಬೇಕು. ಹೊಡೆಯುವ ಮುನ್ನ ಕೋಲು ಮರಳಿಗೆ ತಾಗಿದರೆ ಆಟದ ನಿಯಮದಂತೆ ತಪ್ಪು. ತಪ್ಪಿದರೆ ಮತ್ತೆ ಕೇಳಬೇಕಾದ್ದು ಮುಂದಿನ ವರ್ಷ. ಆ ಪರೀಕ್ಷೆ ಈ ಬೆಳಿಗ್ಗೆ.

ಹೊಡೆತವನ್ನು ಅಕ್ಕ ಕಲಿತದ್ದು ಇದೇ ಗುಂಡಿಗಳಲ್ಲಿ, ಯಾರೋ ಬಿಸಾಡಿದ ಕೋಲಿನಿಂದ. ಮೊದಲು ಹೊಡೆತ, ಆಮೇಲೆ ಕುಂಟೆ. ಗುರುತು ಅಳಿಸುವ ಕೆಲಸವೂ ತಮ್ಮದೇ ಆದ್ದರಿಂದ ಯಾರಿಗೂ ಸುಳಿವಿಲ್ಲ. "ಚೆಂಡಿಗೆ ಹೊಡೀಬಾರ್ದು ಅಂತ ತಿಳಿಯೋಕೇ ಒಂದು ಬೇಸಿಗೆ ಹೋಯ್ತು. ಅದರ ಹಿಂದಿನ ಮರಳಿಗೆ ಹೊಡೀಬೇಕು. ಮರಳೇ ಅದನ್ನ ಎತ್ಕೊಂಡು ಹೋಗಿ ಹೊರಗೆ ಬಿಡುತ್ತೆ."

ಗುಂಡಿಯ ದಂಡೆಯ ಮೇಲೆ ಕ್ಯಾಡಿಗಳು ಕೂತಿದ್ದಾರೆ, ಒಂದು ಪಕ್ಕಕ್ಕೆ ನಾನೂ. "ಅಕ್ಕಾ, ಕುಂಟೆ ಬಿಟ್ಟು ಕೋಲೇ ಹಿಡ್ಕೊಂಡಿದ್ದೀಯ ತಾನೆ?" ಎಂದೊಬ್ಬ.

"ಕುಂಟೆ ಅಲ್ಲೇ ಇದೆ. ನಿನ್ನ ನಾಲಿಗೆ ಬಾಚೋಕೆ ಬೇಕಲ್ಲ."

ಮೊದಲ ಚೆಂಡು ಮರಳಿನ ಜೊತೆ ಎದ್ದು ಹುಲ್ಲಿಗೆ ಬೀಳುತ್ತದೆ. ಎರಡನೆಯದು ಅಂಚಿಗೆ ತಗುಲಿ, ಯೋಚನೆ ಮಾಡಿದ ಹಾಗೆ ನಿಂತು, ಆಚೆಗೆ ಉರುಳುತ್ತದೆ. ಮೂರನೆಯದಕ್ಕೆ ಅಕ್ಕ ಬಹಳ ಹೊತ್ತು ನಿಲ್ಲುತ್ತಾರೆ. ಹೊಡೆತ. ಚೆಂಡು ಮೇಲೇರುತ್ತದೆ, ಅದರ ಜೊತೆ ಎಲ್ಲರ ತಲೆಯೂ. ಆಚೆಯ ಹುಲ್ಲಿಗೆ ಅದು ಬಿದ್ದ ಸದ್ದು.

"ತಾಗಿತು," ಎನ್ನುತ್ತಾರೆ ಮೇಸ್ತ್ರಿ. "ಹೊಡೆಯೋ ಮುಂಚೆ ಕೋಲು ಮರಳಿಗೆ ತಾಗಿದ ಹಾಗೆ ಕಾಣಿಸ್ತು."

ನೋಡಿ ತೀರ್ಮಾನಿಸೋಣವೆಂದರೆ ಅಲ್ಲೇನೂ ಉಳಿದಿಲ್ಲ. ಚೆಂಡಿನ ಹಿಂದಿನ ಮರಳನ್ನು ಹೊಡೆತವೇ ಬಾಚಿಕೊಂಡು ಹೋಗಿದೆ.

"ನನ್ನ ಕಣ್ಣು ಚೆಂಡಿನ ಮೇಲಿತ್ತು ಮೇಸ್ತ್ರಿ," ಎನ್ನುತ್ತಾರೆ ಅಕ್ಕ. "ತಾಗಿಲ್ಲ ಅಂತ ಆಣೆ ಮಾಡಲಾರೆ."

"ಇದನ್ನ ನಾನು ಬಿಟ್ಟುಕೊಟ್ರೆ ನಾಳೆ ಆಟದಲ್ಲಿ ಯಾರೂ ಬಿಡಲ್ಲಮ್ಮ." ಮೇಸ್ತ್ರಿಯ ದನಿಯಲ್ಲಿ ಗೆದ್ದ ಧಾಟಿಯಿಲ್ಲ. ದಂಡೆಯ ಕಡೆ ತಿರುಗುತ್ತಾರೆ. "ಯಾರಾದ್ರೂ ಸರಿಯಾಗಿ ನೋಡಿದ್ರೆ ಹೇಳ್ರಪ್ಪ, ಒಪ್ಕೋತೀನಿ."

ಕ್ಯಾಡಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಎಲ್ಲರೂ ನೋಡಿದ್ದು ಚೆಂಡನ್ನೇ. ಅಕ್ಕ ಆಗಲೇ ಕುಂಟೆ ಎತ್ತಿಕೊಂಡು ಗುಂಡಿಯ ಆ ಮೂಲೆಯಿಂದ ಬಾಚುತ್ತ ಬರುತ್ತಿದ್ದಾರೆ, ಬೂಟುಗಳು ಹಿಮ್ಮುಖವಾಗಿ.

ಆ ಹೊಡೆತಕ್ಕೆ ಮುಂಚೆ ಚೆಂಡಿನ ಹಿಂದೆ ಬೆಳಿಗ್ಗೆ ಬಾಚಿದ ನಾಲ್ಕಾರು ಗೆರೆಗಳಿದ್ದವು. ಅವುಗಳ ಮೇಲೆ, ಬೆರಳು ತೂರುವಷ್ಟು ಎತ್ತರದಲ್ಲಿ, ಕೋಲು ತೂಗುತ್ತಿತ್ತು. ಆಗಷ್ಟೇ ಎದ್ದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಹೊಡೆತದವರೆಗೂ ಒಂದು ಗೆರೆಯೂ ಮುರಿದಿರಲಿಲ್ಲ. ನನ್ನನ್ನು ಕೇಳಿದವರಿಲ್ಲ, ನನಗೆ ಆಟವೂ ಗೊತ್ತಿಲ್ಲ. ಕುಂಟೆ ಆ ಜಾಗದ ಹತ್ತಿರ ಬರುತ್ತಿದೆ.

ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ: "ತಾಗಲಿಲ್ಲ. ಮರಳಿಗೆ ತಾಗಿದ್ದು ಕೋಲಿನ ನೆರಳು. ನಾನು ಮೊದಲಿಂದಾನೂ ನೆಲಾನೇ ನೋಡ್ತಿದ್ದೆ."