ಸೊಗಡು ಮರಳಿದ ಬೆಳಗು

ಜ್ವರ ಬಿಟ್ಟ ಮೇಲೆ ನನ್ನ ಮೂಗಿಗೆ ಏನೂ ತಿಳಿಯುತ್ತಿಲ್ಲ ಎಂದು ಗೊತ್ತಾದದ್ದು ಹಾಲು ಸೀದ ದಿನ. ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದೆ. ಹೆಂಡತಿ ಹಿತ್ತಲಿನಿಂದ ಓಡಿಬಂದು ಗ್ಯಾಸ್ ಆರಿಸಿ, "ಹಿತ್ತಲವರೆಗೂ ಸೀದ ನಾತ ಬತ್ತಾ ಐತೆ, ಇಲ್ಲೇ ಕೂತಿದ್ರೂ ಗೊತ್ತಾಗ್ಲಿಲ್ವಾ?" ಎಂದಳು. ಪಾತ್ರೆಯ ಮೇಲೆ ಬಾಗಿ ಮೂಸಿ ನೋಡಿದೆ. ಬಿಸಿ ಹಬೆ ಮುಖಕ್ಕೆ ತಾಕಿತೇ ಹೊರತು ಮತ್ತೇನೂ ಇಲ್ಲ. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು, ಕಾಯಿರಿ" ಎಂದರು.

ನಮ್ಮ ಮನೆ ರಾಮನಗರದಲ್ಲಿ. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮೂಗಿಲ್ಲದೆಯೂ ಪಾಠ ನಡೆಯಿತು, ರೈಲು ಹತ್ತಿ ಇಳಿಯುವುದು ನಡೆಯಿತು. ನಿಂತುಹೋದದ್ದು ಬೆಳಗಿನ ಪೂಜೆ. ಅಪ್ಪ ಮಾಡುತ್ತಿದ್ದಂತೆ ಇಪ್ಪತ್ತು ವರ್ಷ ನಾನೂ ಮಾಡಿದ್ದೆ. ನನಗೆ ಮಂತ್ರ ಹೆಚ್ಚು ಬಾರದು. ತುಳಸಿ, ಗಂಧ, ಕರ್ಪೂರ, ಮಲ್ಲಿಗೆ ಎಲ್ಲ ಬೆರೆತ ಘಮ ಎದ್ದಾಗ ದೇವರು ಬಂದು ಕೂತಂತೆ ಅನ್ನಿಸುತ್ತಿತ್ತು, ಅಷ್ಟೇ. ಈಗ ಊದುಬತ್ತಿ ಹಚ್ಚಿದರೆ ಕಣ್ಣುರಿಸುವ ಹೊಗೆ. ಒಂದು ತಿಂಗಳು ಒತ್ತಾಯದಿಂದ ಮಾಡಿದೆ. ಆಮೇಲೆ ಬಿಟ್ಟುಬಿಟ್ಟೆ.

ವಿಷಯ ಹೆಂಡತಿಯಿಂದ ಅಕ್ಕನಿಗೆ ಮುಟ್ಟಿತು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಮಾಗಡಿಯ ಆಚೆ ಗುಡೇಮಾರನಹಳ್ಳಿಗೆ ಕೊಟ್ಟಿದ್ದು, ಅಲ್ಲೇ ಭಾವನ ಜೊತೆ ಎರಡೆಕರೆ ಹೊಲ ನೋಡಿಕೊಂಡಿದ್ದಾಳೆ. ಅವಳು ಫೋನ್ ಮಾಡಿದಳು.

"ಪೂಜೆ ಬುಟ್ಬುಟ್ಯಂತೆ, ಯಾಕ್ಲಾ?"

"ವಾಸ್ನೆನೇ ಇಲ್ಲ ಅಕ್ಕ. ದೇವ್ರ ಮುಂದೆ ಕೂತ್ರೆ ಗೋಡೆ ಮುಂದೆ ಕೂತಂಗಾಯ್ತದೆ."

"ಮೂಗು ಹೋಯ್ತು ಸರಿ. ಕಣ್ಣು, ಕಿವಿ, ಕೈ ಕಾಲು ಎಲ್ಲಾ ಹೋದ್ವಾ? ಭಾನುವಾರ ಬಾ. ಬಿತ್ನೆ ಐತೆ."

ಹೋದೆ. ಎರಡು ದಿನದ ಹಿಂದೆ ಮಳೆ ಬಿದ್ದು ಹೊಲ ಹದವಾಗಿತ್ತು. ಬದುವಿನ ಮೇಲೆ ಅಕ್ಕ ನನ್ನ ಚಪ್ಪಲಿ ಬಿಡಿಸಿದಳು. ಕಾಲಿಟ್ಟ ಕೂಡಲೇ ತಣ್ಣಗೆ, ಪಾದ ಒಸಿ ಇಳಿದರೆ ಒಳಗೆ ಬೆಚ್ಚಗೆ. ಇಷ್ಟು ಸಣ್ಣ ಸಂಗತಿ ನನಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು. ಅಕ್ಕ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಕಣ್ಣಿಗೊತ್ತಿಕೊಂಡು ತುಟಿ ಅಲುಗಿಸಿದಳು.

"ಏನ್ ಕೇಳ್ಕಂಡೆ?" ಎಂದೆ.

"ಕೇಳೋದೇನ್ಲಾ. ಬಂದಿವ್ನಿ ಕಣವ್ವ ಅಂದೆ, ಅಷ್ಟೆಯ."

ರಾಗಿ ಬಿತ್ತಿ, ನಡುನಡುವೆ ಅವರೆಯ ಸಾಲು ಹಾಕಿದೆವು. ವಾಪಸ್ಸು ಬೈಕ್ ಓಡಿಸುವಾಗ ಅವಳ ಆ ಮಾತೇ ಬಾಯಿಗೆ ಬರುತ್ತಿತ್ತು. ಅಂದಿನಿಂದ ಭಾನುವಾರ ತಪ್ಪಿಸಲಿಲ್ಲ. ಬದುವಿಗೆ ಹೋದ ತಕ್ಷಣ ಚಪ್ಪಲಿ ಬಿಟ್ಟು ನಾನೂ ಮನಸ್ಸಿನಲ್ಲೇ "ಬಂದಿದ್ದೀನಿ" ಎನ್ನುತ್ತಿದ್ದೆ. ಮೊದಲೆರಡು ವಾರ ನಾಚಿಕೆಯಾಯಿತು, ಆಮೇಲೆ ಹೋಯಿತು.

ಹೊಲ ವಾರದಿಂದ ವಾರಕ್ಕೆ ಬೇರೆಯಾಗುತ್ತಿತ್ತು. ಶ್ರಾವಣದಲ್ಲಿ ಬಾವಿಯ ಮೇಲೆ ಬಾಗಿದ ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಅರ್ಧ ನೇಯ್ದ ಗೂಡು ಮುಂದಿನ ವಾರ ಏನಾಗಿರಬಹುದು ಎಂದು ಗುರುವಾರದಿಂದಲೇ ಕಾಯುತ್ತಿದ್ದೆ. ಕಾರ್ತಿಕದಲ್ಲಿ ಒಂದು ಬೆಳಗ್ಗೆ ಭಾವ ನನ್ನ ಭುಜ ಹಿಡಿದು ರಾಗಿಯ ನಡುವೆ ನಿಲ್ಲಿಸಿ, "ಕಣ್ಮುಚ್ಕಂಡು ಕೇಳಿ ಮೇಷ್ಟ್ರೇ" ಎಂದರು. ಗಾಳಿ ಬಂತು. ಬಲಿತ ತೆನೆಗಳು ಒಂದಕ್ಕೊಂದು ತಾಗಿ, ದೂರದಲ್ಲಿ ಯಾರೋ ಮೊರದಲ್ಲಿ ಕಾಳು ಕೇರುತ್ತಿದ್ದಾರೆ ಎನ್ನುವ ಹಾಗೆ ಹೊಲದ ಈ ತುದಿಯಿಂದ ಆ ತುದಿಗೆ ಸದ್ದು ಸರಿದು ಹೋಯಿತು. ಕಣ್ಣು ತೆರೆದಾಗ ನನ್ನ ಎರಡೂ ಕೈ ತಾವಾಗಿಯೇ ಮುಗಿದುಕೊಂಡಿದ್ದವು. ಭಾವ ಅದನ್ನು ಕಂಡು ಮುಂದೆ ಹೋದರು.

ರಾಗಿ ಕುಯ್ದು ಅವರೆ ಮಾತ್ರ ನಿಂತಿತ್ತು. ಡಿಸೆಂಬರಿನ ಆ ಭಾನುವಾರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಮಾರು ಆಚೆ ಇದ್ದ ಅಕ್ಕನ ಸೀರೆ ಬರೀ ಕೆಂಪು ಮಸುಕಾಗಿ ಕಾಣುತ್ತಿತ್ತು. ಕಾಯಿ ಬಿಡಿಸುತ್ತಿದ್ದೆವು. ಅವರೆಕಾಯಿಯ ಮೇಲಿನ ಸೊಗಡಿನ ಜಿಡ್ಡು ಅಂಗೈಗೆ ಮೆತ್ತಿಕೊಂಡು ಬೆರಳು ಬೆರಳು ಅಂಟುತ್ತಿತ್ತು. ಕಣ್ಣಿಗೆ ನೊರಜು ಬಿತ್ತೆಂದು ಆ ಕೈಯಿಂದಲೇ ಮುಖ ಒರೆಸಿಕೊಂಡೆ.

ಮೂಗಿನ ತುದಿಯಲ್ಲಿ ಏನೋ ಚುರುಕ್ಕೆಂದಿತು.

ಸುಮ್ಮನೆ ನಿಂತೆ. ಭ್ರಮೆ ಇರಬೇಕು ಅಂದುಕೊಂಡು ಕೈಯನ್ನು ಪಂಚೆಗೆ ಒರೆಸಿ, ಇನ್ನೊಂದು ಕಾಯಿ ಕಿತ್ತು ತಿಕ್ಕಿ ಮೂಸಿದೆ. ಇತ್ತು. ಹಸಿ, ಖಾರ, ಎಣ್ಣೆಯಂಥ ಅದೇ ಸೊಗಡು, ಗಂಟಲವರೆಗೂ ಇಳಿಯಿತು. ಒಂದಾದ ಮೇಲೊಂದು ಕಾಯಿ ಮೂಸಿದೆ, ಎಲೆ ಮೂಸಿದೆ, ನನ್ನ ಶರ್ಟಿನ ತೋಳು ಮೂಸಿದೆ. ಆಮೇಲೆ ಸಾಲು ತುಳಿದುಕೊಂಡು ಓಡಿದೆ.

"ಅಕ್ಕ, ಬತ್ತಾ ಐತೆ. ಸೊಗಡು ಬತ್ತಾ ಐತೆ."

"ನಿಂತ್ಕಳ್ಲಾ, ಗಿಡ ತುಳೀಬೇಡ" ಎಂದಳು ಅಕ್ಕ. ಹಾಗೆನ್ನುತ್ತಲೇ ಮಡಿಲಲ್ಲಿದ್ದ ಕಾಯೆಲ್ಲ ನೆಲಕ್ಕೆ ಸುರಿದು ನನ್ನ ಕಡೆ ಬಂದಳು. "ನಿಜ್ವಾ? ಕಣ್ಮುಚ್ಕೋ ನೋಡಾನ."

ನಾನು ಬದುವಿನ ಮೇಲೆ ಕಣ್ಣು ಮುಚ್ಚಿ ಕೂತೆ. ಐವತ್ತು ದಾಟಿದ ಮೇಷ್ಟ್ರು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕಾಯುತ್ತಿದ್ದೆ. ಮೊದಲು ಮೂಗಿನ ಹತ್ತಿರ ಏನೋ ತಂದಳು, ತಿಳಿಯಲಿಲ್ಲ. ಅದು ಚೆಂಡು ಹೂವು ಎಂದಳು. ಎರಡನೆಯದೂ ತಿಳಿಯಲಿಲ್ಲ. ರಾಗಿ ಹುಲ್ಲಂತೆ. ನನ್ನ ಉತ್ಸಾಹ ಇಳಿಯತೊಡಗಿತು. ಮೂರನೆಯದು ಬಂದ ಕೂಡಲೇ ನಗು ತಡೆಯಲಾಗಲಿಲ್ಲ.

"ಸೆಗಣಿ" ಎಂದೆ.

"ಸೆಗಣಿ ವಾಸ್ನೆಗೆ ಇಷ್ಟು ಸಂತೋಸ ಪಡೋರ್ನ ನಾನ್ ಕಂಡಿಲ್ಲ" ಎಂದು ಭಾವ ಹಿಂದಿನಿಂದ ನಕ್ಕರು. ನಗುತ್ತಿದ್ದ ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅಕ್ಕ ಸೆರಗಿನಿಂದ ಒರೆಸಿದಳು. ಆ ಸೆರಗಿನ ತುಂಬ ಸೊಗಡೇ.

ಆ ಬೆಳಗ್ಗೆ ಒಂದು ವಿಷಯ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮೂಗು ಮರಳದಿದ್ದರೂ ನಾನು ಮುಂದಿನ ಭಾನುವಾರ ಬಂದೇ ಬರುತ್ತಿದ್ದೆ. ಅಂಗಾಲಿಗೆ ತಾಕಿದ ಬೆಚ್ಚನೆ ಮಣ್ಣಿನಲ್ಲಿ, ರಾಗಿಯ ಸದ್ದಿನಲ್ಲಿ ಯಾರ ಮುಂದೆ ಕೈ ಜೋಡಿಸಿದ್ದೆನೋ ಅವರು ಆಗಲೇ ಸಿಕ್ಕಿದ್ದರು. ಸೊಗಡು ಅದಕ್ಕೆ ಸೇರಿಕೊಂಡಿತು.

ಪೂರ್ತಿ ಇನ್ನೂ ಬಂದಿಲ್ಲ. ಕಾಫಿ ಈಗಲೂ ಸುಟ್ಟ ರಬ್ಬರಿನ ಹಾಗೆ ನಾತ ಹೊಡೆಯುತ್ತದೆ. ಆದರೆ ಮೊನ್ನೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕನಕಪುರದ ಕಡೆ ಹೋಗಿದ್ದೆ. ರಸ್ತೆಯ ಎರಡೂ ಕಡೆ ಮಾವು ಹೂ ಬಿಟ್ಟಿತ್ತು. ಒಂದು ತೋಟದ ಬೇಲಿಯ ಹತ್ತಿರ ಬೈಕ್ ನಿಲ್ಲಿಸಿದೆ.

"ಇಲ್ಯಾಕೆ ನಿಲ್ಸಿದ್ರಿ?" ಎಂದಳು.

"ಒಸಿ ತಡಿ" ಎಂದು ಚಪ್ಪಲಿ ಬಿಟ್ಟು ಕೊಂಬೆಯ ಕೆಳಗೆ ಹೋಗಿ ನಿಂತೆ. ಜೇನುಗಳ ಮೊರೆತ ತಲೆಯ ಮೇಲೆಲ್ಲ ತುಂಬಿಕೊಂಡಿತ್ತು. ಅವಳೂ ಇಳಿದು ಬಂದು ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತಳು.